ಇನಾಗ್ರೇಷನ್ನಿನೊಳಗಿನ ಹಕ್ಕಿ

ಇನಾಗ್ರೇಷನ್ ಅನ್ನೋ ಮಾತು ಕಿವಿಗಿ ಬಿದ್ದರ ಸಾಕು, ಇವತ್ತಿಗೂ ನನ್ನ ಮೈ ಉರೀತದ. ಉದ್ಘಾಟನಿ ಕಾರ್ಡು ಕೊಡಾಕ ಬಂದ ಹುಡುಗರು ಈ ಟೀಚರಬಾಯಿಗಿ ಏನಾತಪಾ ಅಂತ ಮಾರಿ ಮಾರಿ ನೋಡಕೋತಾರ. ಅವರ ತಪ್ಪಲ್ಲ ಬಿಡ್ರಿ.

ನಿಜಾಮನ ರಾಜ್ಯ ಮುಗಿದು ನಮ್ಮ ಸೀಮಿ ಇಂಡಿಯಾದಾಗ ಕೂಡಿದ ಹೊಸತರಾಗ ಸುರಪುರದಾಗ ಹುಡುಗ್ಯಾರಿಗಂತ ಒಂದು ಕನ್ನಡ ಸಾಲಿ ತೆರದರು. ನಾವು ಬೋನಾಳ ಕಡಿ ಕುರಿ ಕಾಯೋ ಮಂದಿ. ನನ್ನನ್ನ ಸುರಪುರದ ಅತ್ತಿ ಮನ್ಯಾಗಿಟ್ಟು ಸಾಲಿ ಕಲಿಸಬೇಕಂತ ಹಟ ಹಿಡದಾಕಿ ನಮ್ಮ ಆಯಿ, ಅಪ್ಪನ ತಾಯಿ. ಕುರಿ ಯಾರು ಕಾಯಬೇಕು ಅಂದ ಅಪ್ಪ. ನೀ ಕಾಯಿ ಅಂದಳು.

ಆಯಿದೊಂದು ಪದ್ಧತಿ ಇತ್ತು. ಹಿಂಡು ಹೊಸಾ ಅಡವಿಗಿ ಹೊಡಿಯೋದಿರಲಿ, ಕೂರಿಗಿ ಹೂಡಿ ಬಿತ್ತೋದಿರಲಿ, ಮೊದಲು ಕೆರಿ ಏರಿ ಮ್ಯಾಲ ನಿಂತು ಹಕ್ಕಿ ನೋಡಾಕಿ. ಎಡಕ್ಕಿಂದ ಬಲಕ್ಕ ಹಾರಿತಂದ್ರ ಹೊಂಟಳು, ಇಲ್ಲಂದ್ರ ನಿಂತಲ್ಲೇ ನಿಂತಳು. ನಮ್ಮ ಮಂದಿಯೆಲ್ಲಾ ಹಂಗೇ ಮಾಡತಿದ್ದರು. ಸಾಲಿ ತೆರಿಯೋ ದಿನಾನೂ ನನ್ನ ಕೈ ಹಿಡಕೊಂಡು ನಿಂತಳು. ಅವತ್ತ ಆ ಸುಡುಗಾಡು ಹಕ್ಕಿಗೋಳು ನೀರಾಗ ಸುಮ್ಮನ ಕುಂತುಬಿಟ್ಟಿದ್ದವು. ನಾ ಜಲ್ದಿ ನಡಿ ಅಂತ ಸೆರಗು ಜಗ್ಗಾಕತ್ತಿದ್ದೆ. ಕಡೀಕ ಒಂದು ಬೆಳ್ಳಕ್ಕಿ ಎದ್ದು ಬಲಕ್ಕ ಹಾರಿತು. ಆಯಿ ಮಾರಿ ಅರಳಿತು.

ನಾವು ಮುಟ್ಟೋದರಾಗ ರಿಬ್ಬನ್ ಕತ್ತರಿಸಿ, ಹಾರ ಹಾಕಿ, ಹುಡುಗ್ಯಾರ ಹೆಸರು ಬರಕೊಳ್ಳೋದೂ ಮುಗಿದಿತ್ತು. ಬಾಗಿಲ ಮ್ಯಾಲ ಇಂಗ್ಲಿಷಿನಾಗ ದೊಡ್ಡದಾಗಿ ಇನಾಗ್ರೇಷನ್ ಅಂತ ಬರದಿದ್ದರು. ಕಲಬುರ್ಗಿಯಿಂದ ಬಂದಿದ್ದ ಸಾಹೇಬರು ಯಾಕ ತಡಾ ಮಾಡಿದಿ ಅಂತ ಕೇಳಿದರು. ಆಯಿಗಿ ಸುಳ್ಳು ಹೇಳಾಕ ಬರತಿರಲಿಲ್ಲ. ಹಕ್ಕಿ ನೋಡಿ ಹೊಂಟಿವ್ರಿ ಅಂದಳು.

ಕುಂತವರೆಲ್ಲಾ ನಕ್ಕರು.

"ಹಕ್ಕಿ ನೋಡಿ ಹೆಜ್ಜಿ ಇಡೋ ಮಂದಿಗಿ ಸಾಲಿ ಯಾಕ ಬೇಕು? ಮುಂದಿನ ವರ್ಷ ಬಾ, ಹಕ್ಕಿ ಅಲ್ಲೇ ಬಿಟ್ಟು ಬಾ" ಅಂದರು ಸಾಹೇಬರು.

ಅದೇ ರಿಬ್ಬನ್ ಕತ್ತರಿಸಾಕ ಪಂಚಾಂಗ ತೆಗಿಸಿ ಹೊತ್ತು ಇಡಿಸಿದವರು ಇವರೇ. ಹಣಿ ಮ್ಯಾಲಿನ ಕುಂಕುಮ ಇನ್ನೂ ಆರಿರಲಿಲ್ಲ. ಇವರದು ಮುಹೂರ್ತ, ನಮ್ಮದು ಮೂಢತನ. ಇದ್ಯಾವ ನ್ಯಾಯ ರಿ?

ಆ ವರ್ಷೆಲ್ಲಾ ನಾ ಕುರಿ ಕಾಯ್ದೆ. ಮರುವರ್ಷ ಆಯಿ ನನ್ನ ಸಾಲಿಗಿ ಹಚ್ಚಾಕ ಕರಕೊಂಡು ಹೊಂಟಾಗ ಏರಿ ಮ್ಯಾಲ ಹಕ್ಕಿ ಹಿಂಡಿಗಿ ಹಿಂಡೇ ಎದ್ದು ಹಾರಿತು. ಆಯಿ ತಲಿ ಎತ್ತಲಿಲ್ಲ. ಮುಂದ ಬಿತ್ತೋ ದಿನಾನೂ ಆಕಿ ಏರಿ ಹತ್ತಲಿಲ್ಲ.

ಕಲಬುರ್ಗಿ ಕಾಲೇಜಿನಾಗ ಓದುವಾಗ ಒಂದಿನ ಇಂಗ್ಲಿಷ್ ಮಾಸ್ತರರು ಬಾಗಿಲ ಮ್ಯಾಲಿನ ಆ ಮಾತಿನ ಹುಟ್ಟು ಹೇಳಿದರು. ಹಿಂದಕ ರೋಮ್ ಅನ್ನೋ ಊರಾಗ ಆಗರ್ ಅಂತ ಪೂಜಾರಿಗಳಿದ್ದರಂತ. ಯಾರರ ಅಧಿಕಾರ ಏರಬೇಕಾದರ, ಗುಡಿ ಕಟ್ಟಬೇಕಾದರ, ಅವರು ಬಯಲಾಗ ನಿಂತು ಹಕ್ಕಿ ಯಾವ ಕಡಿ ಹಾರತಾವ ನೋಡಿ ಹೂಂ ಅನ್ನಬೇಕು. ಆಮ್ಯಾಲೇ ಸುರು. ಆ ಆಗರ್‌ನಿಂದ ಹುಟ್ಟಿದ್ದೇ ಇನಾಗ್ರೇಷನ್. ಬಾಗಿಲ ಮ್ಯಾಲ ಹಕ್ಕಿ ನೋಡೋ ಮಾತು ಬರದು, ಹಕ್ಕಿ ನೋಡಿದಾಕಿನ್ನ ಅದೇ ಬಾಗಿಲದಿಂದ ಹೊರಗ ಹಾಕಿದ್ದರಲ್ಲ, ಇವರ ಓದಿಗಿಷ್ಟು ಬೆಂಕಿ ಹಚ್ಚ!

ಆ ವಾರನೇ ಬಸ್ಸು ಹತ್ತಿ ಊರಿಗಿ ಹೋದೆ. ಆಯಿ ಕಣ್ಣು ಮಂಜಾಗಿದ್ದವು. ಕಟ್ಟಿ ಮ್ಯಾಲ ಕುಂತು ಉಣ್ಣಿ ನೂಲಾಕತ್ತಿದ್ದಳು. ಎಲ್ಲಾ ಬಿಡಿಸಿ ಹೇಳಿದೆ. ಆಕಿ ನೂಲು ಸುತ್ತೋ ಕದರು ನಿಲ್ಲಿಸಿ, ಆ ಊರಾಗ ಹಕ್ಕಿ ನೋಡಿದವರಿಗಿ ಮಂದಿ ನಗತಿದ್ದರೇನು ಅಂತ ಕೇಳಿದಳು. ಇಲ್ಲ ಆಯಿ, ದೊಡ್ಡವರ ಬಾಜೂಕ ಕುಂದ್ರಸತಿದ್ದರಂತ ಅಂದೆ.

ಆಯಿ ನನ್ನ ಕೈ ತಡಕಿ ಹಿಡಕೊಂಡಳು.

"ಹಂಗಾರ ನಿನ್ನ ಆ ವರ್ಷ ಹಾಳು ಮಾಡಿದಾಕಿ ನಾ ಅಲ್ಲ ಅಂದಂಗಾತೇನವ್ವಾ?"