ನೀಲಿ ಟ್ಯೂಬಿಗೆ ಕೈಮುಗಿಯದ ಅಮ್ಮ

ನನ್ನ ತಾಯಿಯೊಡನೆ ನಾನು ಜೀವಮಾನದಲ್ಲಿ ಸರಿಯಾಗಿ ಜಗಳವಾಡಿದ್ದು ಒಂದೇ ಒಂದು ವಿಷಯಕ್ಕೆ ಎಂದರೆ, ಆಸ್ತಿಯ ವಿಚಾರವಿರಬೇಕು ಎಂದುಕೊಳ್ಳುತ್ತೀರಿ. ಇಲ್ಲವಾದರೆ ಮದುವೆಯ ವಿಚಾರ. ಎರಡೂ ಅಲ್ಲ. ನಾವು ಜಗಳವಾಡಿದ್ದು ಟ್ಯೂಬ್‌ಲೈಟಿನ ಬಣ್ಣಕ್ಕೆ. ಅಮ್ಮನಿಗೆ ಬಿಳಿ ಬೇಕು, ನನಗೆ ನೀಲಿ ಬೇಕು. ಆಗ ಅವಳಿಗೆ ಎಪ್ಪತ್ತಾರು, ನನಗೆ ಐವತ್ತೆರಡು. ವಯಸ್ಸು ಹೇಳಲು ನಾಚಿಕೆಯೇ, ಆದರೆ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಮೊಬೈಲ್ ಫೋನುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ. ನಾನು ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಐವತ್ತು ದಾಟಿದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಕೆಲವರು ತೀರ್ಥಯಾತ್ರೆಗೆ ಬಿದ್ದರು, ಕೆಲವರು ಬೆಳಗಿನ ವಾಕಿಂಗಿಗೆ ಬಿದ್ದರು. ನಾನು ಉಪ್ಪುನೀರಿಗೆ ಬಿದ್ದೆ. ಬೆಂಗಳೂರಿನ ಸ್ನೇಹಿತನೊಬ್ಬನ ಮನೆಯಲ್ಲಿ ಸಮುದ್ರದ ಅಕ್ವೇರಿಯಂ ನೋಡಿ ಬಂದವನಿಗೆ ನಿದ್ದೆ ಹತ್ತಲಿಲ್ಲ. ಹಾಸನದವರು ಸಮುದ್ರ ನೋಡಬೇಕಾದರೆ ಶಿರಾಡಿ ಘಾಟಿ ಇಳಿಯಬೇಕು. ನಾನು ಬಕೆಟ್ಟಿನಲ್ಲಿ ಉಪ್ಪು ಕದಡಿ ಮನೆಯ ಪಡಸಾಲೆಯಲ್ಲೇ ನಾಲ್ಕಡಿ ಉದ್ದದ ಸಮುದ್ರ ಮಾಡಿಕೊಂಡೆ.

"ಹೊಳೆನರಸೀಪುರದಲ್ಲಿ ಹೇಮಾವತಿ ನೀರು ಕುಡಿದು ಬೆಳೆದೋನಿಗೆ ಈ ವಯಸ್ಸಲ್ಲಿ ಉಪ್ಪುನೀರಿನ ಹುಚ್ಚು ಹಿಡೀತಲ್ಲೇ ಸರೋಜಾ!" ಎಂದು ಅಮ್ಮ ನನ್ನ ಹೆಂಡತಿಯ ಹತ್ತಿರ ಪೇಚಾಡಿದಳು.

ಪೇಚಾಟ ನಡೆದದ್ದು ಒಂದೇ ವಾರ. ಸ್ನೇಹಿತ ತನ್ನ ತೊಟ್ಟಿಯಲ್ಲೇ ಬೆಳೆಸಿದ್ದ ಹವಳದ ಒಂದು ತುಂಡನ್ನು ಕಲ್ಲಿನ ಸಮೇತ ಕೊಟ್ಟು ಕಳಿಸಿದ. ಸರಕ್ಕೆ ಪೋಣಿಸುವ ಹವಳವಲ್ಲ ಇದು. ಮೆತ್ತಗಿನ ಜಾತಿ, ಜೀವ ಇರುವಂಥದ್ದು. ಬೆಳಕು ಬಿದ್ದರೆ ಕಲ್ಲಿನ ತುಂಬ ಅಂಗಿಯ ಗುಂಡಿಯಷ್ಟಗಲದ ಹೂಗಳಂತೆ ಅರಳುತ್ತದೆ, ಮುಟ್ಟಿದರೆ ಮುದುಡುತ್ತದೆ. ಅಮ್ಮ ಅದಕ್ಕೆ ಸೇವಂತಿಗೆ ಎಂದು ಹೆಸರಿಟ್ಟಳು. ದಿನಾ ಬೆಳಗ್ಗೆ ಸ್ನಾನ ಮುಗಿಸಿ, ಕಾಫಿಗೂ ಮುಂಚೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ಎಣಿಸುವಳು. "ಇವತ್ತು ಹದಿನೇಳು ಅರಳಿದೆ ಕಣೋ!" ಎಂದು ಅವಳು ಕೂಗಿ ಹೇಳಿದ ಮೇಲೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಯಾಕೆ ಕೂರಬೇಕು ಎಂದು ನಾನು ಒಮ್ಮೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ದೀಪ ಕಟ್ಟಲು ಬಂದವನು ಅರಕಲಗೂಡಿನ ಕಡೆಯ ಎಲೆಕ್ಟ್ರಿಷಿಯನ್ ಜವರಪ್ಪ. ಎರಡು ಬಿಳಿ ಟ್ಯೂಬು, ಎರಡು ನೀಲಿ ಟ್ಯೂಬು, ಎರಡು ಸ್ವಿಚ್ಚು.

"ಸಾ, ಈ ಲೈಟು ಮೀನಿಗಾ?" ಎಂದ.

"ಮೀನಿಗಲ್ಲಯ್ಯ, ಆ ಕಲ್ಲಿಗೆ."

"ಕಲ್ಲಿಗೆ ಲೈಟ್ ಆಕಿದ್ದ ದೇವಸ್ಥಾನದಾಗೆ ಕಂಡಿವ್ನಿ ಸಾ. ಮನೇಲಿ ಇದೇ ಮೊದ್ಲು." ಆಮೇಲೆ ನೀಲಿಯ ಸ್ವಿಚ್ಚು ಒತ್ತಿ ಒಂದು ಗಳಿಗೆ ನೋಡಿದ. "ಅಯ್ಯೋ, ಇದೇನ್ ಸಾ, ನೈಟ್ ಬಸ್ ಒಳಗೆ ಕುಂತಂಗಾಯ್ತದೆ. ಬಿಳೀದೇ ಮಡಿಕ್ಕಳಿ."

ನಾನು ಬಿಡುತ್ತೇನೆಯೇ? ಮೇಷ್ಟ್ರು. ಅವನಿಗೆ ಅಲ್ಲೇ ಪಾಠ ಶುರು ಮಾಡಿದೆ. ಸಮುದ್ರದೊಳಕ್ಕೆ ಇಳಿದ ಬಿಸಿಲಿನಲ್ಲಿ ಮೊದಲು ಕೆಂಪು ಸೋತು ಹಿಂದೆ ಉಳಿಯುತ್ತದೆ, ಆಮೇಲೆ ಹಳದಿ. ಕಡೆಯವರೆಗೂ ಆಳಕ್ಕೆ ಹೋಗುವುದು ನೀಲಿಯೊಂದೇ. ಹವಳದ ಮೈಯೊಳಗೆ ಬಾಡಿಗೆಗಿರುವ ಪಾಚಿಗಳು ಆ ನೀಲಿಯನ್ನು ಉಂಡು, ಮನೆಯ ಯಜಮಾನನಿಗೂ ಊಟ ಹಾಕುತ್ತವೆ. ಹಾಗೆಂದು ಬಿಳಿ ಬೇಡವೆಂದಲ್ಲ. ಬರೀ ಬಿಳಿಯಾದರೆ ಗಾಜಿಗೆಲ್ಲ ಪಾಚಿ, ಬರೀ ನೀಲಿಯಾದರೆ ನೋಡುವವರಿಗೆ ತಲೆನೋವು. ಆದ್ದರಿಂದ ಹಗಲೆಲ್ಲ ಎರಡೂ ಇರಲಿ, ಸಂಜೆ ಆರರಿಂದ ಎಂಟರವರೆಗೆ ನೀಲಿ ಮಾತ್ರ. ಆಗ ನೋಡಬೇಕು ನೀವು! ಹಗಲೆಲ್ಲ ಸುಮ್ಮನೆ ಕಂದು ಬಣ್ಣಕ್ಕಿದ್ದ ಸೇವಂತಿಗೆ ಎಳೆಯ ಬಾಳೆಸುಳಿಯ ಹಸಿರಾಗಿ ಒಳಗಿನಿಂದಲೇ ಉರಿಯುತ್ತದೆ. ನಾನು ಅಷ್ಟು ದುಡಿದದ್ದು ಈ ಎರಡು ಗಂಟೆಯ ಸೊಬಗಿಗೆ. ಅಮ್ಮನೂ ಪಕ್ಕದಲ್ಲಿ ಕುಳಿತು ಇದನ್ನು ನೋಡಬೇಕು ಎನ್ನುವುದು ನನ್ನ ಆಸೆ. ಜವರಪ್ಪ ಎಲ್ಲ ಕೇಳಿಕೊಂಡು, "ಆಯ್ತು ಬುಡಿ ಸಾ," ಎಂದು ಚೀಲ ಹೆಗಲಿಗೇರಿಸಿ ಹೊರಟ.

ಪೇಚು ಎಲ್ಲಿ ಬಂತೆಂದರೆ, ಸಂಜೆ ಆರು ಗಂಟೆ ಅಮ್ಮನ ದೀಪದ ಹೊತ್ತು. ನಮ್ಮ ಕಡೆಯ ಹಿರಿಯರನ್ನು ನೀವು ಬಲ್ಲಿರಿ. ಮುಸ್ಸಂಜೆಯಲ್ಲಿ ಯಾರಾದರೂ ಲೈಟಿನ ಸ್ವಿಚ್ಚು ಒತ್ತಿದರೆ ಅವರ ಕೈಗಳು ತಾವಾಗಿಯೇ ಜೋಡಿಕೊಳ್ಳುತ್ತವೆ. ದೇವರ ಮನೆಯ ದೀಪಕ್ಕಂತೂ ಸರಿ, ಟ್ಯೂಬ್‌ಲೈಟಿಗೂ ನಮಸ್ಕಾರ, ಬಲ್ಬಿಗೂ ನಮಸ್ಕಾರ. ಕರೆಂಟು ಹೋದಾಗ ನಾನು ಟಾರ್ಚು ಹಿಡಿದರೆ ಅದಕ್ಕೂ ನಮಸ್ಕಾರ. ಒಮ್ಮೆ ಗೇಟಿನೊಳಕ್ಕೆ ತಿರುಗಿದ ನನ್ನ ಸ್ಕೂಟರಿನ ಹೆಡ್‌ಲೈಟಿಗೂ ಕೈಮುಗಿದಿದ್ದಾಳೆ. ಅಂಥವಳು ನನ್ನ ನೀಲಿ ಟ್ಯೂಬಿಗೆ ಕೈಮುಗಿಯಲಿಲ್ಲ.

"ದೀಪ ಹಚ್ಚೋ ಹೊತ್ತಿಗೆ ಇರೋ ದೀಪಾನೂ ಆರಿಸಿ ಕತ್ತಲೆ ಮಾಡ್ತೀಯಲ್ಲೋ!" ಎಂದಳು.

"ಕತ್ತಲೆ ಎಲ್ಲಮ್ಮ? ಎರಡು ಟ್ಯೂಬು ಉರೀತಿದೆ. ನಿನ್ನ ಸೇವಂತಿಗೆ ನೋಡು, ಹೇಗಿದೆ."

"ಏನೋ ಮಿಣಮಿಣ ಅನ್ನುತ್ತೆ ಅಷ್ಟೆ. ಇದೂ ಒಂದು ದೀಪಾನಾ?"

ಹಟ ಎಂದುಕೊಂಡೆ. ದಿನಾ ಆರಕ್ಕೆ ನಾನು ಬಿಳಿ ಆರಿಸುವುದು, ಐದು ನಿಮಿಷಕ್ಕೆ ಅಮ್ಮ ಎದ್ದು ಹೋಗಿ ಹಾಕುವುದು. ನಾನು ಭೌತಶಾಸ್ತ್ರ ಬಿಟ್ಟು ಅವಳ ಶಾಸ್ತ್ರಕ್ಕೇ ಇಳಿದು ವಾದಿಸಿದೆ. ನಮ್ಮ ಮನೆಯಲ್ಲಿ ಬಿಳಿ ಬಟ್ಟೆಯನ್ನು ಕೊನೆಗೆ ನೀಲಿ ಕದಡಿದ ನೀರಿಗೆ ಅದ್ದಿ ಒಣಹಾಕುವುದು ಅಮ್ಮನದೇ ಕೆಲಸ. ವಾಷಿಂಗ್ ಮೆಷಿನ್ ಬಂದ ಮೇಲೂ ಆ ಬಕೆಟ್ಟನ್ನು ಅವಳು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಗೋಡೆಗೆ ಸುಣ್ಣ ಹೊಡೆಯುವಾಗಲೂ ನಮ್ಮವರು ಒಂದಿಷ್ಟು ನೀಲಿ ಬೆರೆಸುತ್ತಾರೆ. ಬಿಳಿ ಬೆಳ್ಳಗಿರಬೇಕಾದರೆ ನೀಲಿಯ ಋಣ ಬೇಕು ಎಂದು ನಮ್ಮ ಅಜ್ಜಿಯರು ಯಾವ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದರು.

"ಬಟ್ಟೆಗೆ ನೀಲಿ ಬೇಕು, ಗೋಡೆಗೆ ನೀಲಿ ಬೇಕು, ನನ್ನ ಹವಳಕ್ಕೆ ಮಾತ್ರ ಬೇಡವಾ?" ಎಂದೆ.

"ಬಟ್ಟೆಗೆ ಹಾಕೋದು ನಾಲ್ಕೇ ಹನಿ ಕಣೋ. ನೀನು ಬಾಟ್ಲೀನೇ ಸುರಿದಿದ್ದೀಯ."

ಆದರೆ ಮೂರು ವಾರದೊಳಗೆ ಬಾಟಲಿ ಸುರಿದದ್ದು ಅಮ್ಮನೇ. ನನ್ನ ಬನಿಯನ್ನು ನೀಲಿ. ಪಂಚೆ ನೀಲಿ. ನೆಂಟರ ಮದುವೆಗೆಂದು ತೆಗೆದಿಟ್ಟಿದ್ದ ಮಲ್ಲಿನ ಷರಟು ಆಕಾಶನೀಲಿ. ಅದನ್ನೇ ತೊಟ್ಟು ಚನ್ನರಾಯಪಟ್ಟಣದ ಮದುವೆಗೆ ಹೋದೆ. ಊಟದ ಸಾಲಿನಲ್ಲಿ ಎದುರಿಗೆ ಕುಳಿತ ಹಳೆಯ ಪರಿಚಯದವರೊಬ್ಬರು, "ಏನ್ ಮೇಷ್ಟ್ರೇ, ಹುಡುಗರ ಯೂನಿಫಾರಂ ನೀವೇ ಆಕ್ಕಂಡ್ ಬಂದ್ಬುಟ್ರಲ್ಲ!" ಎಂದರು. ಇಡೀ ಪಂಕ್ತಿ ನಕ್ಕಿತು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಇದು ಅಮ್ಮನ ಸೇಡಲ್ಲದೆ ಮತ್ತೇನು? ನೀಲಿ ನೀಲಿ ಎಂದು ಕುಣಿದೆಯಲ್ಲ, ತಗೋ ಎಂದು ತೊಡಿಸಿ ಕಳಿಸಿದ್ದಾಳೆ! ದಾರಿಯುದ್ದಕ್ಕೂ ಬಸ್ಸಿನಲ್ಲಿ ಸರೋಜಳ ಹತ್ತಿರ ಗೊಣಗಿದೆ.

ಶಾಂತಿಗ್ರಾಮ ದಾಟುವವರೆಗೆ ಅವಳು ಕೇಳಿಸಿಕೊಂಡಳು. ಆಮೇಲೆ, "ರೀ, ಅತ್ತೆಗೆ ಸಿಟ್ಟು ಬಂದ್ರೆ ಬಾಯಲ್ಲಿ ಹೇಳ್ತಾರೆ, ಬಕೆಟ್ಟಲ್ಲಿ ಹೇಳಲ್ಲ. ನೀರಿಗೆ ನೀಲಿ ಹಾಕೋವಾಗ ಮಗ್ಗನ್ನ ಬಿಸಿಲಿಗೆ ಹಿಡಿದು ಹಿಡಿದು ನೋಡ್ತಾರೆ, ಆಮೇಲೂ ಹಾಕ್ತಾನೇ ಇರ್ತಾರೆ. ಮೊದ್ಲು ಅವರ ಕಣ್ಣು ತೋರಿಸಿ," ಎಂದಳು.

ತೋರಿಸಿದೆವು. ಹಾಸನದ ಕಣ್ಣಿನ ಡಾಕ್ಟರಮ್ಮ ಅಮ್ಮನ ಗಲ್ಲವನ್ನು ಯಂತ್ರದ ಮೇಲಿಡಿಸಿ ನೋಡಿ, ನನ್ನ ಕಡೆ ತಿರುಗಿದರು. ಎರಡೂ ಕಣ್ಣಿಗೆ ಪೊರೆ. ಮಸೂರ ಹಣ್ಣಾಗಿ ಹಳದಿ ದಾಟಿ ಕಂದಾಗಿದೆ. "ಇವರು ನೋಡ್ತಿರೋದೆಲ್ಲ ಟೀ ಡಿಕಾಕ್ಷನ್ ಒಳಗಿಂದ ನೋಡಿದ ಹಾಗೆ. ಬೇರೆ ಬಣ್ಣ ಅಷ್ಟೋ ಇಷ್ಟೋ ದಾಟುತ್ತೆ. ನೀಲಿ ಮಾತ್ರ ಒಳಗೆ ಹೋಗೋದೇ ಇಲ್ಲ ಅನ್ನಿ," ಎಂದರು.

ನನಗೆ ಕೂತ ಕುರ್ಚಿಯೊಳಗೇ ಇಳಿದು ಹೋಗಬೇಕೆನ್ನಿಸಿತು. ಹಳದಿ ಗಾಜು ನೀಲಿ ಬೆಳಕನ್ನು ತಡೆಯುತ್ತದೆ ಎಂದು ಇಪ್ಪತ್ತೇಳು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಬರೆದುಕೊಳ್ಳದವರನ್ನು ಹೊರಗೆ ನಿಲ್ಲಿಸಿದವನೂ ನಾನೇ. ಮನೆಯಲ್ಲಿ ಅಮ್ಮ ಕತ್ತಲೆ ಎಂದಾಗ ಅದು ಅವಳಿಗೆ ನಿಜವಾಗಿ ಕತ್ತಲೆಯೇ ಆಗಿತ್ತು. ಅವಳು ಸುಳ್ಳು ಹೇಳಿರಲಿಲ್ಲ, ಹಟ ಮಾಡಿರಲಿಲ್ಲ, ಮಾಡಿದವನು ನಾನು. ಬಹಳ ಸಂಕಟವಾಯಿತು. ಅವತ್ತು ಸಂಜೆ ಬಿಳಿಯ ಸ್ವಿಚ್ಚು ಮುಟ್ಟಲಿಲ್ಲ. ಬಿಳಿ ಟ್ಯೂಬುಗಳೂ ಉರಿದವು, ಅಮ್ಮ ಕೈಮುಗಿದಳು.

ಆದರೆ ಆಪರೇಷನ್ನಿಗೆ ಒಪ್ಪಲಿಲ್ಲ. "ಇರೋ ನಾಲ್ಕು ದಿನಕ್ಕೆ ಕಣ್ಣಿಗೆ ಕತ್ತಿ ಹಾಕಿಸ್ಕೊಂಡು ಕೂರ್ಲಾ? ಮಂತ್ರದ ಪುಸ್ತಕ ನಂಗೆ ಬಾಯಿಪಾಠ ಬರುತ್ತೆ. ಇನ್ನೇನು ನೋಡಬೇಕಾಗಿದೆ?" ಎಂದಳು. ಅವಳಿಗೆ ಭಯ. ಭಯವಾದಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಅವತ್ತು ಐದು ಬೆರಳಿಗೂ ಸುತ್ತಿಕೊಂಡಿದ್ದಳು.

"ಸೇವಂತಿಗೆ ಸಂಜೆ ಹೊತ್ತು ಹೇಗಿರುತ್ತೆ ಅಂತ ನೀನು ಒಂದು ದಿನಾನೂ ನೋಡಿಲ್ಲಮ್ಮ," ಎಂದೆ.

ಅವಳು ತೊಟ್ಟಿಯ ಕಡೆಗೆ ಮುಖ ತಿರುಗಿಸಿದಳು. "ನಿಜವಾಗ್ಲೂ ಅಷ್ಟು ಚೆನ್ನಾಗಿರುತ್ತೇನೋ?"

"ನಿನ್ನಾಣೆ."

"ಹಾಗಾದ್ರೆ ಮಾಡಿಸು."

ಮೊದಲು ಬಲಗಣ್ಣು. ಅದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷವೂ ಅಲ್ಲ. ಆಮೇಲೆ ಹನಿ ಔಷಧಿ, ಕಪ್ಪು ಕನ್ನಡಕ, ತಲೆಗೆ ನೀರು ಹಾಕಬಾರದೆಂಬ ಕಟ್ಟುಪಾಡು. ಆ ದಿನಗಳಲ್ಲಿ ಪಡಸಾಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಅಮ್ಮನನ್ನು ನೋಡಿ ಜವರಪ್ಪ, "ಅಮ್ಮಾರು ಈಗ ಇನ್ಸ್‌ಪೆಕ್ಟ್ರು ಇದ್ದಂಗವ್ರೆ," ಎಂದು ಹೋದ. ಹದಿನೈದನೆಯ ದಿನ ಡಾಕ್ಟರಮ್ಮ ಕನ್ನಡಕ ತೆಗೆಯಬಹುದೆಂದರು. ಅವತ್ತು ಸಂಜೆ ಆರಕ್ಕೆ ಸರೋಜ ದೇವರ ಮನೆಯಲ್ಲಿ ದೀಪ ಹಚ್ಚಿದಳು. ಅಮ್ಮ ಕೈಮುಗಿದು ಬಂದು ತನ್ನ ಕುರ್ಚಿಯಲ್ಲಿ ಕುಳಿತಳು. ಇಷ್ಟೆಲ್ಲ ಮಾಡಿಸಿ, ಮತ್ತೆ ಮಿಣಮಿಣ ಎಂದರೆ ಏನು ಗತಿ? ಬಿಳಿ ಆರಿಸಿದೆ. ನೀಲಿ ಉಳಿಯಿತು.

ಅಮ್ಮ ತೊಟ್ಟಿಯ ಕಡೆ ತಿರುಗಿದಳು. ಎಡಗಣ್ಣು ಮುಚ್ಚಿದಳು, ತೆರೆದಳು. ಬಲಗಣ್ಣು ಮುಚ್ಚಿದಳು, ತೆರೆದಳು. ಕುರ್ಚಿಯಿಂದ ಮುಂದಕ್ಕೆ ಬಾಗಲೂ ಇಲ್ಲ, ಕುಳಿತಲ್ಲಿಂದಲೇ ಎಣಿಸತೊಡಗಿದಳು. ಇಪ್ಪತ್ಮೂರಕ್ಕೆ ನಿಂತಿತು.

"ಅಯ್ಯೋ ನಮ್ಮಪ್ಪಾ! ಒಂದೊಂದು ಒಂದೊಂದು ದೀಪ ಆಗಿದೆಯಲ್ಲೋ! ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದಳು. ಆಮೇಲೆ ನನ್ನ ನೀಲಿ ಟ್ಯೂಬಿಗೆ, ನಿಧಾನವಾಗಿ, ಎರಡೂ ಕೈ ಜೋಡಿಸಿದಳು. ನಾನು ಅಳುಬುರುಕನಲ್ಲ. ಆದರೆ ಅವತ್ತು ಪಂಚೆಯ ತುದಿ ಕಣ್ಣಿಗೆ ಹೋಯಿತು. ಆ ಪಂಚೆಯೂ ನೀಲಿಯದೇ.

ಹಾಗೆ ಕೈಮುಗಿದವಳು ನನ್ನ ಕಡೆ ತಿರುಗಿ ಗಾಬರಿಯಾದಳು. "ಏನೋ ಇದು! ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೋ? ಬಾ ಇಲ್ಲಿ." ಹತ್ತಿರ ಕರೆದು ಕೂದಲೊಳಗೆ ಬೆರಳಾಡಿಸಿದಳು. "ಪಾಪ, ಇನ್ನೂ ಚಿಕ್ಕೋನು ಅಂದ್ಕೊಂಡೇ ಇಷ್ಟು ದಿನ ಬೈದ್ಬಿಟ್ಟೆ ಕಣೋ," ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರೋಜ ನಕ್ಕ ನಗು ಬೀದಿಗೆ ಕೇಳಿಸಿರಬೇಕು.

ಈಗ ತೀರ್ಪು ಕೇಳಿ. ಎರಡನೆಯ ಕಣ್ಣೂ ಆಯಿತು, ನನ್ನ ಬಟ್ಟೆಗಳೆಲ್ಲ ಮತ್ತೆ ನಾಲ್ಕೇ ಹನಿಯ ಬೆಳ್ಳಗಾದವು. ಜಗಳ ಮಾತ್ರ ನಿಲ್ಲಲಿಲ್ಲ, ಪಕ್ಷ ಬದಲಾಯಿತು. ಅಮ್ಮನಿಗೆ ಈಗ ಬೆಳಗ್ಗೆ ಎದ್ದಾಗಿನಿಂದಲೂ ಬರೀ ನೀಲಿಯೇ ಬೇಕು. ಹಗಲು ಹೊತ್ತು ಹವಳಕ್ಕೆ ಬಿಳಿಯೂ ಬೇಕಮ್ಮ, ಅದಕ್ಕೂ ಬಿಸಿಲು ಅನ್ನೋದು ಇರಬೇಕಲ್ಲ ಎಂದು ನಾನು ಬಿಳಿಯ ಪರ ವಕಾಲತ್ತು ಮಾಡುತ್ತೇನೆ. ಸ್ವಿಚ್ಚಿನ ಹತ್ತಿರ ಹೋದರೆ ಅಮ್ಮ ಕುರ್ಚಿಯಿಂದಲೇ ಗದರುತ್ತಾಳೆ:

"ಮುಟ್ಟಬೇಡ. ಬಿಳಿ ನೋಡಬೇಕು ಅನ್ನಿಸಿದ್ರೆ ನಿನ್ನ ತಲೆ ಇದೆಯಲ್ಲೋ, ಅದನ್ನೇ ನೋಡ್ಕೋತೀನಿ ಬಿಡು."