ಕೊಕ್ಕನೂರಿನಿಂದ ಬರುತ್ತಿದ್ದ ಮಿಸ್ಡ್ ಕಾಲ್

2020ರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ದಾವಣಗೆರೆಯಲ್ಲಿ ತಮ್ಮ ಮನೆಯ ಮಂಡಕ್ಕಿ ಭಟ್ಟಿಯ ಮುಂದೆ ಕೂತು ಸಿದ್ದೀಕಾ ಚೀಲದ ಬಾಯಿ ಹೊಲಿಯುತ್ತಿದ್ದರು. ಬಲಗೈಯಲ್ಲಿ ದಬ್ಬಣ, ತೊಡೆಯ ಮೇಲೆ ಮೊಬೈಲು. ಅದು ಎರಡು ಸಲ ರಿಂಗಾಗಿ ನಿಲ್ಲಬೇಕಿತ್ತು. ಆ ದಿನ ನಿಲ್ಲಲಿಲ್ಲ. ತೆರೆಯ ಮೇಲೆ ಐಶ್ವರ್ಯಳ ಹೆಸರಿತ್ತು. ಸಿದ್ದೀಕಾ ಎತ್ತಿದರು.

"ಮೇಡಂ," ಅಂದಿತು ಒಂದು ಸಣ್ಣ ದನಿ, "ಇವತ್ತು ಕಾಲು ಬಾಳ ನೋಯ್ತಾವೆ. ಬಸ್ಕಿ ಬ್ಯಾಡ, ಬರೀ ಖೋ ಕೊಡ್ಲಾ?"

"ಯಾರಿದು?"

"ರೂಪಶ್ರೀ."

ರೂಪಶ್ರೀ ಐಶ್ವರ್ಯಳ ತಂಗಿ, ನಾಲ್ಕನೇ ತರಗತಿಯ ಹುಡುಗಿ.

"ಅಕ್ಕನ ಕೈಗೆ ಕೊಡವ್ವ ಫೋನು."

"ಅಕ್ಕ ಇಲ್ಲ. ಆನಗೋಡಿಗೆ ಹೋಗ್ಯಾಳೆ."

"ಲಾಕ್‌ಡೌನ್‌ನಾಗೆ ಆನಗೋಡಿನಾಗೆ ಏನೈತೆ?"

"ಗಂಡನ ಮನಿ," ಅಂದಳು ಹುಡುಗಿ.

ಸಿದ್ದೀಕಾ ಖೋ ಖೋ ಕಲಿಸುತ್ತಿದ್ದರು. ಹರಿಹರದ ಒಂದು ಮೈದಾನದಲ್ಲಿ ವಾರಕ್ಕೆ ನಾಲ್ಕು ಸಂಜೆ ಹನ್ನೆರಡು ಹುಡುಗಿಯರ ತಂಡಕ್ಕೆ ಅವರು ತರಬೇತಿ ಕೊಡುತ್ತಿದ್ದರು. ಕೆಲವರು ದಾವಣಗೆರೆಯ ಆನೆಕೊಂಡದವರು, ಕೆಲವರು ಹರಿಹರದ ಪೇಟೆಯವರು, ಐಶ್ವರ್ಯ ಕೊಕ್ಕನೂರಿನವಳು. ಸಂಬಳವಿರಲಿಲ್ಲ. ಬೆಳಗಿನ ಭಟ್ಟಿ ಕೆಲಸ ಮುಗಿಸಿ, ಬಟ್ಟೆಗೆ ಹತ್ತಿದ ಹೊಟ್ಟು ಕೊಡವಿಕೊಂಡು ಅವರು ಹರಿಹರದ ಬಸ್ಸು ಹತ್ತುತ್ತಿದ್ದರು. ತಾವೂ ಹುಡುಗಿಯಾಗಿದ್ದಾಗ ಚೆನ್ನಾಗಿ ಓಡುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ಮನೆಯವರು ಮದುವೆ ಮಾಡಿದರು. ಮತ್ತೆ ಮೈದಾನಕ್ಕೆ ಕಾಲಿಡುವಾಗ ಅವರಿಗೆ ಇಬ್ಬರು ಮಕ್ಕಳಿದ್ದರು. ಆದ್ದರಿಂದ ಮಾರ್ಚಿನಲ್ಲಿ ಮೈದಾನದ ಗೇಟಿಗೆ ಬೀಗ ಬಿದ್ದಾಗ ಅವರು ಹೆದರಿದ್ದು ಕೊರೊನಾಕ್ಕೆ ಮಾತ್ರವಲ್ಲ. ರಜೆ ಉದ್ದವಾದಷ್ಟೂ ಹುಡುಗಿಯರು ಉದುರಿಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಹನ್ನೆರಡು ಮನೆಗಳಲ್ಲಿ ದೊಡ್ಡ ಫೋನು ಇದ್ದದ್ದು ಮೂರರಲ್ಲಿ. ವಿಡಿಯೋ ಪಾಠ ಸಾಧ್ಯವಿರಲಿಲ್ಲ. ಸಿದ್ದೀಕಾ ಬೇರೆ ದಾರಿ ಹುಡುಕಿದರು. ಖೋ ಖೋ ಆಟದಲ್ಲಿ ಓಡಿಸುವವಳು ಸಾಲಿನಲ್ಲಿ ಕೂತವಳ ಬೆನ್ನು ಮುಟ್ಟಿ "ಖೋ" ಅನ್ನುತ್ತಾಳೆ. ಕೂತವಳು ಎದ್ದು ಓಡುತ್ತಾಳೆ, ಮುಟ್ಟಿದವಳು ಆ ಜಾಗದಲ್ಲಿ ಕೂರುತ್ತಾಳೆ. ಇದನ್ನೇ ಅವರು ಫೋನಿಗೆ ತಂದರು. ಬೆಳಿಗ್ಗೆ ಆರಕ್ಕೆ ಮೊದಲ ಹುಡುಗಿಗೆ ಸಿದ್ದೀಕಾರ ಮಿಸ್ಡ್ ಕಾಲ್. ಅದು ಬಂದೊಡನೆ ಅವಳು ಇಪ್ಪತ್ತು ಬಸ್ಕಿ ಹೊಡೆದು ಮುಂದಿನವಳಿಗೆ ಮಿಸ್ಡ್ ಕಾಲ್ ಕೊಡಬೇಕು, ಅವಳು ಅದರ ಮುಂದಿನವಳಿಗೆ. ಎತ್ತದ ಕರೆಗೆ ಕಾಸಿಲ್ಲ, ಬೇಸಿಕ್ ಸೆಟ್ಟು ಸಾಕು. ಸಾಲಿನ ಕೊನೆಯವಳು ಐಶ್ವರ್ಯ. ಅವಳ ಮಿಸ್ಡ್ ಕಾಲ್ ಸಿದ್ದೀಕಾರಿಗೆ ಮುಟ್ಟಿದರೆ ಎಲ್ಲರೂ ಇದ್ದಾರೆ ಎಂದು ಅರ್ಥ. ಅದು ಒಂದು ದಿನವೂ ತಪ್ಪಿರಲಿಲ್ಲ. ಅಕ್ಕಪಕ್ಕದವರ ಮುಂದೆ ಸಿದ್ದೀಕಾ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆದರೆ ಮಿಸ್ಡ್ ಕಾಲ್ ತಿಳಿಸುವುದು ಫೋನು ಎಲ್ಲಿದೆ ಎಂಬುದನ್ನು. ಹುಡುಗಿ ಎಲ್ಲಿದ್ದಾಳೆ ಎಂಬುದನ್ನಲ್ಲ.

ಸಿದ್ದೀಕಾ ದಬ್ಬಣವನ್ನು ಚೀಲಕ್ಕೆ ಚುಚ್ಚಿ ಒಳಗೆ ಹೋದರು. ಅಕ್ಕನ ಮಗಳು ಆಲಿಯಾ ಅದೇ ಮನೆಯಲ್ಲಿದ್ದಳು. ಅವಳೂ ತಂಡದವಳು, ಸಾಲಿನಲ್ಲಿ ಐಶ್ವರ್ಯಳ ಹಿಂದಿನವಳು.

"ಐಶ್ವರ್ಯಳ ಮದುವೆ ಆಗೈತೆ. ನಿನಗೆ ಗೊತ್ತಿತ್ತಾ?"

ಆಲಿಯಾ ಗೋಡೆ ನೋಡಿದಳು. "ಎಲ್ರಿಗೂ ಗೊತ್ತಿತ್ತು ಖಾಲಾ. ಹೋದ ತಿಂಗಳೇ ಆಯ್ತು."

"ಮತ್ತೆ ನನಗೆ ಯಾಕ ಹೇಳ್ಲಿಲ್ಲ?"

"ನೀವೇ ಅಂದಿದ್ರಲ್ಲ, ಯಾರು ಎದ್ದು ಹೋದ್ರೂ ಜಾಗ ಖಾಲಿ ಬಿಡಬ್ಯಾಡ್ರಿ, ಸಾಲು ಮುರೀಬಾರ್ದು ಅಂತ. ಐಶ್ವರ್ಯ ಹೋಗೋವಾಗ ರೂಪಶ್ರೀನ ಕೂಡ್ರಿಸಿ ಹೋದ್ಲು. ಪಾಪ, ಅದು ಬಸ್ಕೀನೂ ಹೊಡೀತೈತೆ." ಮತ್ತೆ ಅಂದಳು, "ಸಾಲು ಮುರೀಲಿಲ್ಲ ಖಾಲಾ."

ಹುಡುಗಿಯರು ಅವರ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ಅವರು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಎರಡು ದಿನ ಬಿಟ್ಟು ಬಸವಕಿರಣ್ ಎಂಬ ಅಧಿಕಾರಿ ಕೊಕ್ಕನೂರಿಗೆ ಹೊರಟಾಗ, ತಮ್ಮನ ಸ್ಕೂಟರ್ ತಗೊಂಡು ಹಿಂದೆಯೇ ಹೋದರು. ಐಶ್ವರ್ಯಳನ್ನು ವಾಪಸ್ ತರಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು. ಅವಳು ತವರಿಗೆ ಬಂದರೆ ಸಾಕು, ಶಾಲೆ ತೆರೆಯುತ್ತದೆ, ಮೈದಾನದ ಬೀಗ ತೆಗೆಯುತ್ತಾರೆ.

ಐಶ್ವರ್ಯಳ ತಂದೆ ಕೊಟ್ಟೂರೇಶ್ ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ರೊಕ್ಕಕ್ಕೆ ತೊಂದರೆ ಇದ್ದ ಮನುಷ್ಯನಲ್ಲ, ಒರಟನೂ ಅಲ್ಲ. ಮಗಳ ಆಟ ನೋಡಲು ಗಿರಣಿ ಮುಚ್ಚಿ ಬರುತ್ತಿದ್ದವರು.

"ಬರ್ರಿ ಮೇಡಮ್ಮೋರೆ, ಕೂಡ್ರಿ. ಅಷ್ಟು ದೂರ ಕೂಡ್ರಿ, ಕಾಲ ಚಲೋ ಇಲ್ಲ," ಎಂದು ಮಾಸ್ಕು ಮೇಲೆಳೆದುಕೊಂಡರು. "ಮದುವೆಗೆ ಕರೀಲಿಲ್ಲ ಅಂತ ಸಿಟ್ಟೇನು? ಸರ್ಕಾರದೋರೇ ಐವತ್ತು ಮಂದಿ ಅಂದಿದ್ರು. ನಿಮ್ಮ ಟೀಮು ಕರೆದಿದ್ರೆ ನಮ್ಮ ಬೀಗರು ಬೀದ್ಯಾಗೆ ಉಣ್ಣಬೇಕಿತ್ತು."

ಯಾರೂ ನಗಲಿಲ್ಲ.

"ಯಾಕಣ್ಣ ಹಿಂಗ್ ಮಾಡಿದ್ರಿ?" ಅಂದರು ಸಿದ್ದೀಕಾ.

"ಶಾಲಿ ಇಲ್ಲ, ಆಟ ಇಲ್ಲ. ಬೆಳೆದ ಹುಡುಗಿ ಮನಿಯಾಗೆ ಕೂತಿತ್ತು. ಹುಡುಗ ಬಂದ, ಖರ್ಚು ಕಡಿಮಿ. ಇನ್ನೇನು ಬೇಕಿತ್ತು?"

"ಆಕೆಗೆ ಇನ್ನೂ ಹದಿನೈದು ರೀ. ಒಂಬತ್ತನೇ ಕ್ಲಾಸು."

ಕೊಟ್ಟೂರೇಶ್ ಅಧಿಕಾರಿಯ ಕಡೆ ತಿರುಗಿದರು. "ಕೇಳ್ರಿ ಸಾಹೇಬ್ರ, ಈಗ ಹದಿನೈದಂತೆ. ಹೋದ ದಸರಾದಾಗೆ ಎಷ್ಟು ಅಂದಿದ್ರು ಕೇಳ್ರಿ." ಜೇಬಿನಿಂದ ಫೋನು ತೆಗೆದರು. "ಬ್ಯಾಡ, ನಾನೇ ಕೇಳಿಸ್ತೀನಿ. ನನ್ನ ಕೈಯಾಗೇ ಹಿಡಿದ ವಿಡಿಯೋ."

ಬಾಗಿಲ ಹಿಂದೆ ಐಶ್ವರ್ಯಳ ತಾಯಿ ಮರುಳಸಿದ್ದಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ರೂಪಶ್ರೀ. ಬಸವಕಿರಣ್ ವಿಡಿಯೋವನ್ನು ಎರಡು ಸಲ ನೋಡಿದರು.

"ಇದು ನಿಮ್ಮದೇ ದನಿ ಏನ್ರಿ ಮೇಡಂ?"

"ಹೌದು ಸಾರ್," ಅಂದರು ಸಿದ್ದೀಕಾ. "ಸುಳ್ಳು ಹೇಳಿದ್ದೆ."

"ಆವತ್ತು ಸುಳ್ಳು, ಇವತ್ತು ನಿಜ!" ಅಂದರು ಕೊಟ್ಟೂರೇಶ್. "ಆಡಿಸೋಕೆ ದೊಡ್ಡಾಕಿ, ಮದುವಿಗೆ ಸಣ್ಣಾಕಿ. ನನ್ನ ಮಗಳ ವಯಸ್ಸು ನಿಮ್ಮ ಬಾಯಾಗೆ ಐತೇನು ಮೇಡಮ್ಮೋರೆ?"

ಅಧಿಕಾರಿ ಶಾಲೆಯ ದಾಖಲೆ ಬೇಕು ಅಂದರು. ಶಾಲೆಗೆ ಬೀಗ, ಮುಖ್ಯೋಪಾಧ್ಯಾಯರಿದ್ದ ಬೀದಿ ಸೀಲ್‌ಡೌನ್. ಅದು ಸಿಗುವವರೆಗೆ ಹುಡುಗಿ ಇದ್ದಲ್ಲೇ ಇರಲಿ ಎಂದಾಯಿತು. ಬೀದಿ ತೆರೆದ ಮೇಲೂ ಕಡತ ಕಚೇರಿಗಳಲ್ಲಿ ಅಲೆಯಿತು. ದಾಖಲೆ ಕೈಗೆ ಬಂದು, ವಯಸ್ಸು ಹದಿನೈದೇ ಎಂದು ಖಚಿತವಾದಾಗ ದೀಪಾವಳಿ ಕಳೆದಿತ್ತು. ಐಶ್ವರ್ಯ ಬಸುರಿಯಾಗಿದ್ದಳು.

ಸಿದ್ದೀಕಾ ಈಗಲೂ ಹರಿಹರಕ್ಕೆ ಹೋಗುತ್ತಾರೆ. ಮೈದಾನಕ್ಕೆ ಬರುವ ಹುಡುಗಿಯರು ಏಳು ಮಂದಿ. ಕೊಕ್ಕನೂರಿನಿಂದ ಯಾರೂ ಇಲ್ಲ. ಫೋನು ರಿಂಗಾದರೆ, ಯಾರದೇ ಇರಲಿ, ಮೊದಲ ರಿಂಗಿಗೇ ಎತ್ತುತ್ತಾರೆ.

ಆ ವಿಡಿಯೋ ಅರ್ಧ ನಿಮಿಷದ್ದು. ಹರಿಹರದಲ್ಲಿ ದಸರಾ ಸಂಜೆ, ದೊಡ್ಡ ಹೆಂಗಸರ ಖೋ ಖೋ ಪಂದ್ಯಾವಳಿ. ಶಾಲೆಯ ಹುಡುಗಿಯರನ್ನು ಆಡಿಸುವಂತಿಲ್ಲ. ಸಿದ್ದೀಕಾ ತಾವೇ ಆಡುತ್ತಿದ್ದ ತಂಡದಲ್ಲಿ ಒಬ್ಬಳ ಪಾದ ಉಳುಕಿ, ಒಬ್ಬಳು ಕಡಿಮೆಯಾಗಿದ್ದಾಳೆ. ಬೇಲಿಯ ಹತ್ತಿರ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದ ಐಶ್ವರ್ಯಳನ್ನು ಕೈಹಿಡಿದು ಅಂಕಣಕ್ಕೆ ತರುತ್ತಾರೆ. ಅವಳ ಮುಖದಲ್ಲಿ ಹಿಡಿಸಲಾರದ ಖುಷಿ. ಹೆಸರು ಕೂಗುವವನು ಮೈಕಿನಲ್ಲಿ, "ಈ ಚಿಗರಿ ಮರಿಗೆ ವಯಸ್ಸು ಎಷ್ಟ್ರಿ ಮೇಡಂ? ಊರ ಮಂದಿ ಮುಂದೆ ಹೇಳ್ಬಿಡ್ರಿ," ಅನ್ನುತ್ತಾನೆ. ಜನ ನಗುತ್ತಾರೆ. ಫೋನು ಹಿಡಿದಿರುವ ಕೊಟ್ಟೂರೇಶರ ನಗೆಯೂ ಕೇಳುತ್ತದೆ. ಸಿದ್ದೀಕಾ ಅವನ ಕೈಯಿಂದ ಮೈಕು ತೆಗೆದುಕೊಂಡು, ಒಂದು ಕ್ಷಣವೂ ತಡೆಯದೆ, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ಹದಿನೆಂಟು."