ಬೆಳ್ಳಿಗೆ ಒಂದೇ ಆಟ

ಭಾಯ್ ಅವರ ಮೂಗಿನ ಗುರುತು ಐದನೇ ಕಂಪ್ಯೂಟರಿನ ಪರದೆಯ ಮೇಲೆ ಸದಾ ಇರುತ್ತಿತ್ತು. ಕಣ್ಣು ಅಷ್ಟು ಮಂದ. ಪರದೆಗೆ ಮುಖ ಅಂಟಿಸಿಕೊಂಡೇ ಆಡುತ್ತಿದ್ದರು. ಆಟ ಮುಗಿದ ಮೇಲೆ ಜುಬ್ಬಾದ ತುದಿಯಿಂದ ಆ ಜಿಡ್ಡಿನ ಚುಕ್ಕೆ ಒರೆಸಿ, "ಇನ್ನೊಂದ್ ಹಾಕೋಣ?" ಎನ್ನುತ್ತಿದ್ದರು.

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಮುಂದೆ ಜೆರಾಕ್ಸ್, ಹಿಂದೆ ಐದು ಕಂಪ್ಯೂಟರು. ಮೇಲಿನ ಮಹಡಿಯ ಆಫೀಸಿನಲ್ಲಿ ನನಗೆ ಟೈಪಿಂಗ್ ಕೆಲಸ. ಸಂಜೆ ತಿಪ್ಪಸಂದ್ರದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ರಶ್ ಇಳಿಯುವವರೆಗೆ ಆ ಅಂಗಡಿಯ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. ಒಂದು ದಿನ ಒಳಗಿಂದ ಕೂಗಿದರು: "ಮೇಡಂ, ಸುಮ್ನೆ ನಿಂತಿದೀರಲ್ಲ, ಬಂದ್ ಕೂತ್ಕೊಳ್ಳಿ. ನಮ್ಗೆ ಒಬ್ರು ಕಮ್ಮಿ ಇದಾರೆ."

ಜೆರಾಕ್ಸಿನಲ್ಲಿ ಹಾಳಾದ ಹಾಳೆಯೊಂದರ ಹಿಂಬದಿಯಲ್ಲಿ ಪೆನ್ನಿನಿಂದ ಗೀಚಿ ಆಟ ಹೇಳಿಕೊಟ್ಟರು. ಐದು ಜನ ಈ ಕಡೆ, ಐದು ಜನ ಆ ಕಡೆ. ಎದುರಾಳಿಗಳು ಯಾವುದೋ ಊರಿನಲ್ಲಿ ಕೂತವರು. ಎರಡು ಕೋಟೆ, ನಡುವೆ ಮೂರು ದಾರಿ, ದಾರಿಗಳ ಮಧ್ಯೆ ಕತ್ತಲ ಕಾಡು. ಯಾರ ಕೋಟೆ ಮೊದಲು ಬೀಳುತ್ತದೋ ಅವರು ಸೋತಂತೆ. "ಇದು ನಮ್ ಶಿವಾಜಿನಗರ. ಅದು ಕೆ.ಆರ್. ಪುರಂ, ಅವ್ರ ಕೋಟೆ. ಮೇಲಿನ್ ದಾರಿ ಕುಕ್ ಟೌನು, ಹೊರಮಾವು. ಮಧ್ಯದ್ದು ಹಲಸೂರು. ಕೆಳಗಿಂದು ನಿಮ್ ತಿಪ್ಪಸಂದ್ರ. ಟ್ರಾಫಿಕ್ ಒಂದಿಲ್ಲ ನೋಡಿ, ಅಲ್ಲಾಹನ ದಯೆ!"

ಹೊಸಬರಿಗೆಲ್ಲ ಒಂದೇ ಚಟ. ಸಾಯುವ ಹಾಗಿರುವ ಶತ್ರು ಓಡುತ್ತಿದ್ದರೆ ಕಾಡಿನೊಳಕ್ಕೂ ಅಟ್ಟಿಸಿಕೊಂಡು ಹೋಗುವುದು. ಅಷ್ಟರಲ್ಲಿ ಇತ್ತ ಕೋಟೆ ಬಯಲು. ಭಾಯ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: "ಓಡೋನು ಓಡ್ಲಿ ಬಿಡು ಬೇಟಾ. ಮನೆ ಎಲ್ಲೂ ಓಡಲ್ಲ, ಅದನ್ನ ನೋಡ್ಕೋ." ವಾರ ಕಳೆಯುವುದರೊಳಗೆ ನಾನು ಮೇಡಂನಿಂದ ಬೇಟಾ ಆಗಿದ್ದೆ.

ಗೆದ್ದಂತೆ ಆಟಗಾರರ ಪದಕ ಏರುತ್ತದೆ, ಸೋತಂತೆ ಇಳಿಯುತ್ತದೆ. ಭಾಯ್ ಎಷ್ಟೋ ವರ್ಷದಿಂದ ಆಡುತ್ತಿದ್ದರೂ ತಳದ ಕಂಚಿನಲ್ಲೇ ಇದ್ದರು. ಕಾರಣ ನಮ್ಮಂಥವರು. ಹೊಸಬರನ್ನು ಸೇರಿಸಿಕೊಂಡರೆ ಸೋಲು ಖಾತ್ರಿ. ಆಡಲು ಕಲಿತವರೋ ಮೇಲಿನ ಪದಕದವರ ಜೊತೆ ಸೇರಿ ಹೊರಟುಹೋಗುತ್ತಿದ್ದರು, ಭಾಯ್ ಮತ್ತೊಬ್ಬ ದಡ್ಡನನ್ನು ಕರೆದು ಕೂರಿಸುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ, ಇನ್ನು ಹೆಚ್ಚು ದಿನ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮಾತ್ರ ಒಂದು ಆಸೆ ಬಾಯಿಬಿಟ್ಟು ಹೇಳಿದರು. "ಕಣ್ ಹೋಗೋ ಮುಂಚೆ ಒಂದ್ಸಲ ನನ್ ಹೆಸ್ರ ಪಕ್ಕ ಬೆಳ್ಳಿ ನೋಡ್ಬೇಕು. ಅಷ್ಟೇ."

ಎರಡು ತಿಂಗಳು ಒದ್ದಾಡಿ, ಬೆಳ್ಳಿಗೆ ಒಂದೇ ಗೆಲುವು ಉಳಿಯಿತು. ಆ ಸಂಜೆ ಪಕ್ಕದ ಬಟ್ಟೆ ಅಂಗಡಿಯ ಮೂವರು ಎಂದಿನಂತೆ ಕೂತಿದ್ದರು. ಅವರಲ್ಲೊಬ್ಬ ಚೆನ್ನಾಗಿ ಆಡುವ ತನ್ನ ಭಾವಮೈದುನನನ್ನೂ ಕರೆತಂದಿದ್ದ. "ಭಾಯ್, ಇವತ್ತೊಂದಿನ ಮೇಡಂ ಬೇಡ," ಎಂದ. ನಾನು ಏಳಲು ಹೊರಟೆ. ಭಾಯ್ ಕೈ ಅಡ್ಡ ಹಿಡಿದರು. "ಇವತ್ತು ಎಬ್ಬಿಸ್ಬಿಟ್ರೆ ನಾಳೆ ಬರಲ್ಲ ಇವ್ರು. ಕೂತ್ಕೋ ಬೇಟಾ."

ಗೆಲ್ಲುತ್ತಿದ್ದೆವು. ಆಗ ಒಬ್ಬ ಶತ್ರು ಕುಂಟುತ್ತಾ ನನ್ನೆದುರೇ ಕಾಡಿಗೆ ನುಗ್ಗಿದ. "ವಾಪಸ್ ಬಾ," ಎಂದರು ಭಾಯ್. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ, ಚೆನ್ನಾಗಿಯೇ ಕೇಳಿಸಿತು. "ಒಂದೇ ಏಟು ಭಾಯ್, ಬಂದೆ," ಎಂದೆ. ಬೇಡವೆಂದವರ ಎದುರು ನಾನೂ ಒಬ್ಬನನ್ನು ಹೊಡೆದು ತೋರಿಸಬೇಕಿತ್ತು. ಅವನು ಸಿಗಲೂ ಇಲ್ಲ. ತಿರುಗಿ ನೋಡಿದರೆ ನಾನು ಕಾಯಬೇಕಿದ್ದ ದಾರಿಯಲ್ಲೇ ಶತ್ರುಗಳು ನುಗ್ಗಿ ನಮ್ಮ ಕೋಟೆ ಬೀಳಿಸುತ್ತಿದ್ದರು.

ಸೋತೆವು, ಅಂಗಡಿ ಮುಚ್ಚುವ ಹೊತ್ತೂ ಆಗಿತ್ತು. ಭಾಯ್ ಪರದೆ ಒರೆಸಿದರು. "ಹೇಳಿದ್ರೆ ಯಾರ್ಗೂ ಅರ್ಥ ಆಗಲ್ಲ. ಈಗ ಕಲ್ತೆ, ಇನ್ ಮರೆಯಲ್ಲ," ಎಂದರು. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವರ ಕಣ್ಣೊಳಗೆ ರಕ್ತ ಒಸರಿತು. ಆಮೇಲೆ ಬೆಳಕು, ಕತ್ತಲೆ ಇಷ್ಟೇ ತಿಳಿಯುತ್ತಿತ್ತು. ಸಂಜೆ ಬಂದು ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. "ಎಲ್ಲಿದೀಯ? ಹಲಸೂರಾ?" ಎಂದು ಕೇಳುತ್ತಿದ್ದರು. ಅವರ ಹೆಸರಿನಲ್ಲಿ ನಾವೇ ಆಡಿ ಗೆದ್ದುಕೊಡುತ್ತೇವೆ ಎಂದೆ. ಮೊದಲ ಸಲ ಅವರು ರೇಗಿದ್ದು ಆಗಲೇ. "ನೀವ್ ಗೆದ್ದಿದ್ದು ನನ್ ಹೆಸ್ರಿಗೆ ಹಾಕ್ಬೇಡಿ. ನಾನ್ ಏನ್ ಭಿಕ್ಷೆ ಕೇಳಿದ್ನಾ?"

ರಂಜಾನಿಗೆ ಮುಂಚೆ ತೀರಿಕೊಂಡರು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾನು ತಿಪ್ಪಸಂದ್ರದ ಮನೆಯಲ್ಲಿ ಆಡುತ್ತೇನೆ. ನನಗೆ ಬೆಳ್ಳಿ ಬಂದು ವರ್ಷವಾಯಿತು, ಅದನ್ನು ನೋಡಿದಾಗಲೆಲ್ಲ ಕದ್ದ ಮಾಲಿನ ಹಾಗೆ ಅನಿಸುತ್ತದೆ. ಹೊಸಬರು ಓಡುವವನ ಹಿಂದೆ ಬಿದ್ದರೆ ಭಾಯ್ ಮಾತನ್ನೇ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಆಟ ತೆರೆದರೆ ಗೆಳೆಯರ ಪಟ್ಟಿಯ ಕೊನೆಯಲ್ಲಿ ಅವರ ಹೆಸರು ಇನ್ನೂ ಇದೆ, ಪಕ್ಕದಲ್ಲಿ ಕಂಚು. ಬೆಳ್ಳಿಗೆ ಒಂದೇ ಗೆಲುವು ಬೇಕಿತ್ತು. ನಾನು ವಾಪಸ್ ಬಂದಿದ್ದರೆ ಸಾಕಿತ್ತು.